‘ಲಾಸ್ಟ್’ ಧಾರಾವಾಹಿಯಲ್ಲಿ ಕರ್ಮ ಮತ್ತು ಧರ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ಆರೂ ಸೀಸನ್ ನೋಡಿ ಮುಗಿಸಿದವರಿಗಾಗಿ ಬರೆದದ್ದು. ಇನ್ನೂ ನೋಡದವರು ಇದನ್ನು ಓದಿದರೆ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ.

ಯಾವ ಧಾರಾವಾಹಿ ಇದು? ಎರಡೇ ಮಾತಿನಲ್ಲಿ ಕಥೆ ಹೇಳಿ.

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2004ರ ಸೆಪ್ಟೆಂಬರ್ 22ರಿಂದ 2010ರ ಮೇ 23ರವರೆಗೆ ಆರು ಸೀಸನ್ ಬಂದ ಧಾರಾವಾಹಿ. ಜೆಫ್ರಿ ಲೀಬರ್, ಜೆ.ಜೆ. ಅಬ್ರಾಮ್ಸ್, ಡೇಮನ್ ಲಿಂಡೆಲಾಫ್ ಇದರ ಸೃಷ್ಟಿಕರ್ತರು. ಕೊನೆಯವರೆಗೆ ಕಥೆಯ ಚುಕ್ಕಾಣಿ ಹಿಡಿದವರು ಲಿಂಡೆಲಾಫ್ ಮತ್ತು ಕಾರ್ಲ್‌ಟನ್ ಕ್ಯೂಸ್. ಚಿತ್ರೀಕರಣ ನಡೆದದ್ದು ಹವಾಯಿಯ ಓಅಹು ದ್ವೀಪದಲ್ಲಿ. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಶಿಯಾನಿಕ್ 815 ವಿಮಾನ ಪೆಸಿಫಿಕ್ ಸಾಗರದ ಒಂದು ದ್ವೀಪದ ಮೇಲೆ ಮುರಿದು ಬೀಳುತ್ತದೆ. ಬದುಕುಳಿದವರು ಅಲ್ಲಿ ತಮ್ಮ ಹಳೆಯ ಬದುಕಿನ ಲೆಕ್ಕ ಚುಕ್ತಾ ಮಾಡಬೇಕಾಗುತ್ತದೆ.

‘ಧರ್ಮ ಇನಿಶಿಯೇಟಿವ್’ ಎಂಬ ಸಂಸ್ಥೆಯ ಹೆಸರಿನಲ್ಲಿರುವ ಧರ್ಮ ನಮ್ಮ ಧರ್ಮವೇ?

ಕಾಗದದ ಮೇಲೆ ಅಲ್ಲ. ಅದು ಇಂಗ್ಲಿಷ್ ಪದಗಳ ಮೊದಲಕ್ಷರ ಜೋಡಿಸಿದ ಹೆಸರು: ‘ಡಿಪಾರ್ಟ್‌ಮೆಂಟ್ ಆಫ್ ಹ್ಯೂರಿಸ್ಟಿಕ್ಸ್ ಆ್ಯಂಡ್ ರಿಸರ್ಚ್ ಆನ್ ಮೆಟೀರಿಯಲ್ ಅಪ್ಲಿಕೇಶನ್ಸ್’. ಈ ವಿಸ್ತರಣೆಯನ್ನು ವೀಕ್ಷಕರ ಮುಂದೆ ಬಿಡಿಸಿಟ್ಟದ್ದು 2006ರಲ್ಲಿ ಧಾರಾವಾಹಿಯ ಜೊತೆಗೇ ನಡೆಸಿದ ‘ದ ಲಾಸ್ಟ್ ಎಕ್ಸ್‌ಪೀರಿಯನ್ಸ್’ ಎಂಬ ಇಂಟರ್ನೆಟ್ ಆಟದಲ್ಲಿ. ಕಥೆಯ ಪ್ರಕಾರ 1970ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಗಳಾದ ಜೆರಾಲ್ಡ್ ಮತ್ತು ಕ್ಯಾರೆನ್ ಡಿಗ್ರೂಟ್ ಇದನ್ನು ಕಟ್ಟಿದರು. ದುಡ್ಡು ಹಾಕಿದವನು ಆಲ್ವಾರ್ ಹ್ಯಾನ್ಸೋ ಎಂಬ ಡೇನಿಶ್ ಉದ್ಯಮಿ. ಅವನ ವ್ಯವಹಾರ ಶಸ್ತ್ರಾಸ್ತ್ರದ್ದು.

ಹಾಗೆಂದು ಸಂಸ್ಕೃತ ಪದ ಆಕಸ್ಮಿಕವಾಗಿ ಬಂದು ಕೂತಿದ್ದಲ್ಲ. ಅಮೆರಿಕದ ಕ್ಯಾಂಪಸ್ಸುಗಳಲ್ಲಿ ಯೋಗ, ಝೆನ್, ಸಾಮೂಹಿಕ ಜೀವನ ಎಲ್ಲವೂ ಒಟ್ಟಿಗೇ ಹಬ್ಬಿದ್ದ ಕಾಲದ ಕನಸು ಅದು. ‘ಧೃ’ ಧಾತುವಿನಿಂದ ಬಂದ ಧರ್ಮ ಎಂದರೆ ಎತ್ತಿ ಹಿಡಿಯುವುದು, ಧರಿಸುವುದು. ಜಗತ್ತನ್ನು ಉಳಿಸುತ್ತೇವೆ ಎಂದು ಹೊರಟವರಿಗೆ ಆ ಹೆಸರು ಹಿತವಾಗಿತ್ತು. ದ್ವೀಪಕ್ಕೆ ಹೋಗಿ ಅವರು ಮಾಡಿದ್ದೇನು? ಹಿಮಕರಡಿಗಳನ್ನು ಉಷ್ಣವಲಯದ ಪಂಜರದಲ್ಲಿ ಕೂಡಿದರು. ಮನುಷ್ಯರನ್ನು ಕುರ್ಚಿಗೆ ಕಟ್ಟಿ ತಲೆ ತೊಳೆಯುವ ಕೋಣೆ ಕಟ್ಟಿದರು. ಅಗೆಯಬೇಡಿ ಎಂದು ತಮ್ಮದೇ ವಿಜ್ಞಾನಿ ಪಿಯರ್ ಚಾಂಗ್ ಕೂಗಿ ಹೇಳಿದರೂ ಕೇಳದೆ 1977ರಲ್ಲಿ ಭೂಮಿಯೊಳಗಿನ ಕಾಂತಶಕ್ತಿಯನ್ನು ಕೊರೆದು ತೆಗೆದರು. ದಯೆಯಿಲ್ಲದ ಧರ್ಮ ಯಾವುದಯ್ಯಾ ಎಂದು ಎಂಟುನೂರು ವರ್ಷದ ಹಿಂದೆಯೇ ಕೇಳಿದ ನೆಲದ ನಮಗೆ ಈ ಸಂಸ್ಥೆಯ ಪತನ ಬೇಗ ಅರ್ಥವಾಗುತ್ತದೆ. ಧರ್ಮ ಎಂಬ ಅಕ್ಷರ ಡಬ್ಬಿಯ ಮೇಲೆ, ಬಿಯರ್ ಕ್ಯಾನಿನ ಮೇಲೆ, ನೀಲಿ ವ್ಯಾನಿನ ಮೇಲೆ, ಮೇಲಂಗಿಯ ಎದೆಯ ಮೇಲೆ ಎಲ್ಲೆಡೆ ಇದೆ. ಧರ್ಮವನ್ನೇ ನೋಡಬೇಕೆಂದರೆ ಆ ಸಂಸ್ಥೆಯ ಹೊರಗೆ, ಬಿದ್ದು ಬದುಕಿದ ಪ್ರಯಾಣಿಕರ ನಡುವೆ ಹುಡುಕಬೇಕು.

ಅವರ ಲಾಂಛನ ಧರ್ಮಚಕ್ರವಲ್ಲವೇ?

ಅಲ್ಲ. ಎಂಟು ಮೂಲೆಯ ಆಕೃತಿಯ ಸುತ್ತ ಇರುವ ಉದ್ದ-ತುಂಡು ಗೆರೆಗಳು ಚೀನಾದ ‘ಬಾಗ್ವಾ’. ‘ಈ ಚಿಂಗ್’ ಗ್ರಂಥದ ಎಂಟು ಮೂರ್ಗೆರೆಗಳು. ಬೌದ್ಧ ಧರ್ಮಚಕ್ರಕ್ಕೂ ಸಾಮಾನ್ಯವಾಗಿ ಎಂಟು ಅರಗಳಿರುವುದರಿಂದ ಗೊಂದಲ ಆಗುತ್ತದೆ. ಧರ್ಮಚಕ್ರ ನಿಜವಾಗಿ ಕಾಣುವುದು ಒಂದೇ ಮುಖ್ಯ ಜಾಗದಲ್ಲಿ: ಕೊನೆಯ ಕಂತಿನಲ್ಲಿ ಕಥಾನಾಯಕ ಜ್ಯಾಕ್ ತನ್ನ ತಂದೆಯ ಶವಪೆಟ್ಟಿಗೆಯ ಮುಂದೆ ನಿಲ್ಲುವ ಕೋಣೆಯ ಬಣ್ಣದ ಗಾಜಿನ ಕಿಟಕಿಯಲ್ಲಿ. ಅಲ್ಲಿ ಓಂಕಾರ, ಶಿಲುಬೆ, ಅರ್ಧಚಂದ್ರ-ನಕ್ಷತ್ರ, ಯೆಹೂದಿಗಳ ಆರು ಮೂಲೆಯ ನಕ್ಷತ್ರ, ಯಿನ್-ಯಾಂಗ್ ಜೊತೆಗೆ ಧರ್ಮಚಕ್ರವೂ ಇದೆ. ಮಾತು ನಡೆಯುವಾಗ ಕಿಟಕಿ ಹಿನ್ನೆಲೆಯಲ್ಲಿ ಮಸುಕಾಗಿ ಹೋಗುತ್ತದೆ, ನಿಲ್ಲಿಸಿ ನೋಡಬೇಕು.

‘ನಮಸ್ತೆ’ ಯಾಕೆ ಹೇಳುತ್ತಾರೆ?

ತರಬೇತಿ ಚಿತ್ರಗಳ ಕೊನೆಗೆ ನಮಸ್ತೆ, ಹೊಸಬರು ಜಲಾಂತರ್ಗಾಮಿಯಿಂದ ಇಳಿದಾಗ ನಮಸ್ತೆ, ಐದನೇ ಸೀಸನ್ನಿನ ಒಂಬತ್ತನೇ ಕಂತಿನ ಹೆಸರೇ ‘ನಮಸ್ತೆ’. ನಿನ್ನೊಳಗಿರುವುದಕ್ಕೆ ನಮಿಸುತ್ತೇನೆ ಎಂಬ ಪದವನ್ನು ಇಲ್ಲಿ ಕಂಪನಿಯ ಶಿಷ್ಟಾಚಾರದಂತೆ ಬಳಸಿದ್ದಾರೆ. ಅದೇ ಕಂತಿನಲ್ಲಿ, ನಮಸ್ತೆ ಎಂದು ಬರಮಾಡಿಕೊಂಡವರು ಬೆನ್ನುಹುರಿಯ ಶಸ್ತ್ರವೈದ್ಯನಾದ ಜ್ಯಾಕ್‌ಗೆ ಕಸ ಗುಡಿಸುವ ಕೆಲಸ ಕೊಡುತ್ತಾರೆ. ಅವನು ಯಾರು ಎಂದು ಅವರಿಗೆ ಗೊತ್ತಿಲ್ಲ, ನಿಜ. ಆದರೆ ಎದುರಿಗಿರುವವನನ್ನು ಕಾಣದೆಯೇ ಮಾಡಿದ ನಮಸ್ಕಾರ ಅದು.

108ರ ಲೆಕ್ಕ ನಿಜವೇ, ಅಭಿಮಾನಿಗಳ ಕಲ್ಪನೆಯೇ?

ನಿಜ. ಧಾರಾವಾಹಿಯ ಪ್ರಸಿದ್ಧ ಸಂಖ್ಯೆಗಳು 4, 8, 15, 16, 23, 42. ಕೂಡಿಸಿದರೆ 108. ‘ಸ್ವಾನ್’ ಎಂಬ ನೆಲದಡಿಯ ಠಾಣೆಯಲ್ಲಿ ಬಟನ್ ಒತ್ತಬೇಕಾದದ್ದು ಪ್ರತಿ 108 ನಿಮಿಷಕ್ಕೊಮ್ಮೆ. ಅಷ್ಟೋತ್ತರ ಹೇಳಿಕೊಂಡು, 108 ಮಣಿಯ ಜಪಮಾಲೆ ಎಣಿಸಿಕೊಂಡು ಬೆಳೆದವರಿಗೆ ಇದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ತರಬೇತಿ ಚಿತ್ರ ಹೇಳುವ ಒಂದು ಪಾಳಿ 540 ದಿನ. ಅದೂ 108ರ ಐದು ಪಟ್ಟು. ದಿನಕ್ಕೆ 1,440 ನಿಮಿಷ ಎಂದು ಲೆಕ್ಕ ಹಾಕಿದರೆ ಒಂದು ಪಾಳಿಯಲ್ಲಿ ಬಟನ್ ಒತ್ತುವುದು ಸರಿಯಾಗಿ 7,200 ಸಲ. ಇದರಲ್ಲಿ ಎಷ್ಟನ್ನು ಬರೆದವರು ಬೇಕೆಂದೇ ಇಟ್ಟರು ಎಂಬುದಕ್ಕಿಂತ, ಆ ಠಾಣೆಯಲ್ಲಿ ನಡೆಯುವ ಕೆಲಸ ಜಪವನ್ನು ಹೋಲುತ್ತದೆ ಎಂಬುದು ದೊಡ್ಡ ವಿಷಯ. ಮಣಿ ಮುಗಿದರೆ ಮತ್ತೆ ಮೊದಲ ಮಣಿ.

ಆ ಬಟನ್ ಒತ್ತುವುದು ನಿಷ್ಕಾಮ ಕರ್ಮವೇ?

ಈ ಧಾರಾವಾಹಿಯ ಬಗ್ಗೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಇದು. ಮೊದಲು ಕೆಲಸ ಏನೆಂದು ಸರಿಯಾಗಿ ನೋಡೋಣ.

ಗೋಡೆಯ ಮೇಲೆ ಅಂಕಿ ತಿರುಗುವ ಗಡಿಯಾರ. ಅದು 108ರಿಂದ ಇಳಿಯುತ್ತದೆ. ನಾಲ್ಕು ನಿಮಿಷ ಉಳಿದಾಗ ಎಚ್ಚರಿಕೆಯ ಸದ್ದು ಶುರು. ಹಳೆಯ ಕಂಪ್ಯೂಟರಿನಲ್ಲಿ ಆರು ಸಂಖ್ಯೆಗಳನ್ನು ಕ್ರಮವಾಗಿ ಹೊಡೆದು ‘ಎಕ್ಸಿಕ್ಯೂಟ್’ ಒತ್ತಬೇಕು. ಗಡಿಯಾರ ಮತ್ತೆ 108ಕ್ಕೆ ಹೋಗುತ್ತದೆ. ಒತ್ತದಿದ್ದರೆ ಅಂಕಿಗಳ ಜಾಗದಲ್ಲಿ ಕೆಂಪು-ಕಪ್ಪು ಈಜಿಪ್ಟ್ ಲಿಪಿ ಬರುತ್ತದೆ, ಠಾಣೆಯೊಳಗಿನ ಲೋಹವೆಲ್ಲ ಗೋಡೆಯತ್ತ ಹಾರತೊಡಗುತ್ತದೆ. ಒತ್ತಿದರೆ ಏನಾಗುತ್ತದೆ? ಕಣ್ಣಿಗೆ ಕಾಣುವಂಥದ್ದು ಏನೂ ಆಗುವುದಿಲ್ಲ. ಅಲ್ಲೇ ಇರುವುದು ಪರೀಕ್ಷೆ. ವಿಮಾನ ಬೀಳುವ ಮೊದಲೇ ದ್ವೀಪಕ್ಕೆ ಬಂದಿದ್ದ ಡೆಸ್ಮಂಡ್ ಹ್ಯೂಮ್ ಅಲ್ಲಿ ಇದ್ದದ್ದು ಸುಮಾರು ಮೂರು ವರ್ಷ. ಆ ಅವಧಿಗೆ ಲೆಕ್ಕ ಹಾಕಿದರೆ ಬಟನ್ ಸುಮಾರು 14,600 ಸಲ ಒತ್ತಲೇಬೇಕು. ಒಬ್ಬನೇ ಇದ್ದಾಗ ಸತತವಾಗಿ ಎರಡು ತಾಸಿನ ನಿದ್ದೆಯೂ ಇಲ್ಲದ ಬದುಕು. ಫಲ ಮಾತ್ರ ಯಾರಿಗೂ ಕಾಣದು.

ಈಗ ಒತ್ತಿದವರನ್ನು ಒಬ್ಬೊಬ್ಬರಾಗಿ ನೋಡಿ. ಡೆಸ್ಮಂಡ್ ಒತ್ತಿದ್ದು ಹೆದರಿ: ಒತ್ತದಿದ್ದರೆ ಜಗತ್ತು ಮುಳುಗುತ್ತದೆ ಎಂದು ಅವನಿಗೆ ಹೇಳಿದ್ದರು. ಭಯದಿಂದ ಮಾಡಿದ್ದು ನಿಷ್ಕಾಮವಲ್ಲ. ವಿಮಾನದ ಪ್ರಯಾಣಿಕ ಜಾನ್ ಲಾಕ್ ಒತ್ತಿದ್ದು ಭಕ್ತಿಯಿಂದ ಎಂದು ನಮಗೆ ಅನ್ನಿಸುತ್ತದೆ, ಅವನಿಗೂ ಅನ್ನಿಸಿತ್ತು. ಆದರೆ ಅವನಿಗೆ ಬೇಕಾಗಿದ್ದ ಫಲ ಒಂದಿತ್ತು: ನಾನು ಆಯ್ಕೆಯಾದವನು, ನನ್ನ ಬದುಕಿಗೆ ಅರ್ಥವಿದೆ ಎಂಬ ಖಾತ್ರಿ. ಅದಕ್ಕೇ ಸ್ವಾನ್ ಮೇಲೆ ಕಣ್ಣಿಡಲು ಕಟ್ಟಿದ ‘ಪರ್ಲ್’ ಠಾಣೆಯ ತರಬೇತಿ ಚಿತ್ರ ನೋಡಿ, ಬಟನ್ ಬರೀ ಮನಃಶಾಸ್ತ್ರದ ಪ್ರಯೋಗ ಎಂದು ತಿಳಿದ ಕೂಡಲೇ ಅವನು ಕುಸಿದುಬೀಳುತ್ತಾನೆ, ಕಂಪ್ಯೂಟರನ್ನೇ ಒಡೆದು ಹಾಕುತ್ತಾನೆ. ಫಲದ ಆಸೆಯ ಮೇಲೆ ನಿಂತ ಶ್ರದ್ಧೆ ಸಂಶಯದ ಮೊದಲ ಗಾಳಿಗೇ ಬಿತ್ತು. ಇನ್ನೊಬ್ಬ ಪ್ರಯಾಣಿಕ ಎಕೋ ಮಾತ್ರ ಅದೇ ಚಿತ್ರ ನೋಡಿದ ಮೇಲೂ ಒತ್ತುವುದನ್ನು ಮುಂದುವರಿಸಲು ಬಯಸುತ್ತಾನೆ. ಮಾಡಬೇಕಾದ ಕೆಲಸ ಎಂಬುದಷ್ಟೇ ಅವನಿಗೆ ಸಾಕು. ಕಾಯಕ ಎಂಬ ನಮ್ಮ ಮಾತಿಗೆ ಇಡೀ ಧಾರಾವಾಹಿಯಲ್ಲಿ ಅತ್ಯಂತ ಹತ್ತಿರ ಬರುವವನು ಎಕೋ.

ಪರ್ಲ್ ಚಿತ್ರ ಹೇಳಿದ್ದೇ ತಪ್ಪಾಗಿತ್ತು. ಅಲ್ಲಿ ಕೂತು ಸ್ವಾನ್‌ನವರನ್ನು ಗಮನಿಸಿ ಬರೆದವರ ನೋಟ್‌ಪುಸ್ತಕಗಳು ಗಾಳಿಯ ಕೊಳವೆಯಲ್ಲಿ ಹೋಗಿ ಬಯಲಿನಲ್ಲಿ ರಾಶಿ ಬಿದ್ದಿದ್ದವು, ಓದುವವರೇ ಇರಲಿಲ್ಲ. ನಿಷ್ಪ್ರಯೋಜಕ ಎಂದು ತೋರಿದ ಕೆಲಸ ಲೋಕವನ್ನು ಹಿಡಿದಿತ್ತು. ಅದನ್ನು ಅಳೆಯಲು ಹೊರಟ ಕೆಲಸವೇ ಕಸವಾಗಿತ್ತು. ಎರಡನೇ ಸೀಸನ್ನಿನ ಕೊನೆಗೆ ಡೆಸ್ಮಂಡ್ ನೆಲದಡಿ ತೆವಳಿ ಹೋಗಿ ತುರ್ತು ಕೀಲಿ ತಿರುಗಿಸುತ್ತಾನಲ್ಲ, ಆಗ ಅವನು ತಾನು ಬದುಕುತ್ತೇನೆ ಎಂದುಕೊಂಡಿರಲಿಲ್ಲ. ಸಾವಿರಾರು ಸಲ ಹೆದರಿ ಬಟನ್ ಒತ್ತಿದ ಆ ಕೈ ಒಂದೇ ಒಂದು ಸಲ ನಿಷ್ಕಾಮವಾಗಿ ಕೆಲಸ ಮಾಡಿತು.

ಕರ್ಮದ ಮಾತು ನೇರವಾಗಿ ಎಲ್ಲಾದರೂ ಬರುತ್ತದೆಯೇ?

ಎರಡು ಕಡೆ ಗಮನಿಸಿ. ಮೊದಲನೆಯದು ಒಂದನೇ ಸೀಸನ್ನಿನ ‘ಔಟ್‌ಲಾಸ್’. ತನ್ನ ಮನೆ ಹಾಳು ಮಾಡಿದ ಮೋಸಗಾರ ಇವನೇ ಎಂದು ಯಾರೋ ಕಿವಿಯೂದಿದ್ದನ್ನು ನಂಬಿ ಪ್ರಯಾಣಿಕರಲ್ಲೊಬ್ಬನಾದ ಸಾಯರ್, ವಿಮಾನ ಹತ್ತುವ ಮುನ್ನ, ಸಿಡ್ನಿಯಲ್ಲಿ ಒಬ್ಬ ನಿರಪರಾಧಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅವನು ಸಾಯುವಾಗ ಹೇಳುವುದು ಒಂದೇ ಮಾತು, ‘ಇದು ತಿರುಗಿ ಬರುತ್ತದೆ’ ಎಂದು. ದ್ವೀಪದ ಕಾಡಿನಲ್ಲಿ ಅದೇ ಮಾತು ಪಿಸುಗುಟ್ಟಿದಂತೆ ಸಾಯರ್‌ನ ಕಿವಿಗೆ ಬೀಳುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಗಾದೆಯನ್ನು ಇಷ್ಟು ಚಿಕ್ಕದಾಗಿ, ಇಷ್ಟು ಭಯ ಹುಟ್ಟುವಂತೆ ಬೇರೆಲ್ಲೂ ಹೇಳಿಲ್ಲ.

ಎರಡನೆಯದು ಮೂರನೇ ಸೀಸನ್ನಿನ ಏಳನೇ ಕಂತು ‘ನಾಟ್ ಇನ್ ಪೋರ್ಟ್‌ಲ್ಯಾಂಡ್’. ಪಕ್ಕದ ಪುಟ್ಟ ಹೈಡ್ರಾ ದ್ವೀಪದ 23ನೇ ಕೋಣೆಯಲ್ಲಿ ಕಾರ್ಲ್ ಎಂಬ ಹುಡುಗನನ್ನು ಕುರ್ಚಿಗೆ ಕಟ್ಟಿ, ಕಿವಿಗಡಚಿಕ್ಕುವ ಸಂಗೀತದ ಜೊತೆ ಮಿನುಗುವ ಚಿತ್ರ ತೋರಿಸುತ್ತಾರೆ. ನಡುನಡುವೆ ಅಕ್ಷರಗಳು ಹಾರಿಹೋಗುತ್ತವೆ: ಒಳ್ಳೆಯ ಬೀಜ ಬಿತ್ತಿದರೆ ಸಂತೋಷದಿಂದ ಫಲ ಕೊಯ್ಯುವೆ, ನಮ್ಮ ದುಃಖಕ್ಕೆ ನಾವೇ ಕಾರಣ, ಎಲ್ಲವೂ ಬದಲಾಗುತ್ತದೆ. ಸಾಮಾನ್ಯ ವೇಗದಲ್ಲಿ ಓದಲು ಆಗುವುದಿಲ್ಲ. ದೃಶ್ಯ ಶುರುವಾದ ಕೂಡಲೇ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಬೆಳಕು ಜೋರಾಗಿ ಮಿನುಗುವುದರಿಂದ ಅಪಸ್ಮಾರ ಇರುವವರು ಈ ದೃಶ್ಯವನ್ನು ಬಿಟ್ಟೇಬಿಡುವುದು ಒಳ್ಳೆಯದು. ಮಾತುಗಳು ಬುದ್ಧನ ದಾರಿಯವು. ಆದರೆ ಕಟ್ಟಿಹಾಕಿ ತುರುಕಿದರೆ ಸತ್ಯವೂ ಹಿಂಸೆಯಾಗುತ್ತದೆ. ಕರ್ಮಕ್ಕೆ ಆಯ್ಕೆ ಬೇಕು. ಕುರ್ಚಿಗೆ ಬಿಗಿದ ಹುಡುಗನಿಗೆ ಅದೇ ಇಲ್ಲ.

ಕರ್ಮದ ಸರಪಳಿಯನ್ನು ಒಂದು ಪಾತ್ರದ ಮೂಲಕ ತೋರಿಸಬಹುದೇ?

ಸಯೀದ್ ಜರ್ರಾಹ್. ಲಂಡನ್ನಿನಲ್ಲಿ ಹುಟ್ಟಿದ ಕೇರಳ ಮೂಲದ ನಟ ನವೀನ್ ಆ್ಯಂಡ್ರೂಸ್ ಈ ಇರಾಕಿ ಸೈನಿಕನ ಪಾತ್ರ ಮಾಡಿದ್ದಾರೆ.

ಕೊಲ್ಲಿ ಯುದ್ಧದಲ್ಲಿ ಸಯೀದ್ ಸೆರೆ ಸಿಕ್ಕಾಗ ಅಮೆರಿಕದವರು ಅವನ ಕೈಯಲ್ಲೇ ಅವನ ಸೇನಾಧಿಕಾರಿಗೆ ಚಿತ್ರಹಿಂಸೆ ಕೊಡಿಸುತ್ತಾರೆ. ಅದನ್ನು ಮಾಡಿಸಿದವನು ಕೆಲ್ವಿನ್ ಇನ್ಮನ್. ಮುಂದೆ ಇದೇ ಇನ್ಮನ್ ದ್ವೀಪದ ಸ್ವಾನ್ ಠಾಣೆಗೆ ಬರುತ್ತಾನೆ, ಹೊರಗೆ ರೋಗ ಹರಡಿದೆ ಎಂದು ಸುಳ್ಳು ಹೇಳಿ ಡೆಸ್ಮಂಡ್‌ನನ್ನು ಒಳಗೆ ಇಟ್ಟುಕೊಳ್ಳುತ್ತಾನೆ. 2004ರ ಸೆಪ್ಟೆಂಬರ್ 22ರಂದು ಡೆಸ್ಮಂಡ್‌ಗೆ ಸುಳ್ಳು ಗೊತ್ತಾಗುತ್ತದೆ. ಇಬ್ಬರೂ ಬಂಡೆಗಳ ಮೇಲೆ ಹೊಡೆದಾಡುತ್ತಾರೆ, ಇನ್ಮನ್ ತಲೆ ಒಡೆದು ಸಾಯುತ್ತಾನೆ, ಡೆಸ್ಮಂಡ್ ಓಡಿ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ಕಾಂತಶಕ್ತಿ ಆಕಾಶದಿಂದ ವಿಮಾನವನ್ನು ಎಳೆದು ಕೆಡವುತ್ತದೆ. ಆ ವಿಮಾನದಲ್ಲಿ ಸಯೀದ್ ಇದ್ದಾನೆ. ಯಾಕೆ? ತಾನು ವಂಚಿಸಿದ್ದರಿಂದ ಪ್ರಾಣ ಕಳೆದುಕೊಂಡ ಗೆಳೆಯನ ಶವಕ್ಕೆ ಸಂಸ್ಕಾರ ಮಾಡಿಸಲೆಂದು ಹಿಂದಿನ ವಿಮಾನ ಬಿಟ್ಟು ಇದನ್ನು ಹತ್ತಿದ್ದ. ಹಿಂಸೆ ಕಲಿಸಿದವನ ಸಾವು, ಹಿಂಸೆ ಕಲಿತವನನ್ನು ಅದೇ ದ್ವೀಪಕ್ಕೆ ತಂದು ಹಾಕಿತು. ಇದನ್ನು ಯಾರೂ ಮಾತಿನಲ್ಲಿ ಜೋಡಿಸಿ ಹೇಳುವುದಿಲ್ಲ. ಎರಡನೇ ಸೀಸನ್ನಿನ ‘ಒನ್ ಆಫ್ ದೆಮ್’ ಮತ್ತು ಕೊನೆಯ ಕಂತನ್ನು ಪಕ್ಕಪಕ್ಕ ಇಟ್ಟು ನಾವೇ ಪೋಣಿಸಿಕೊಳ್ಳಬೇಕು.

ಫಲ ಕೂಡಲೇ ಸಿಗುವುದನ್ನೂ ತೋರಿಸಿದ್ದಾರೆ. ಒಂದನೇ ಸೀಸನ್ನಿನ ಎಂಟನೇ ಕಂತಿನಲ್ಲಿ ಸಯೀದ್ ಔಷಧಿಗಾಗಿ ಸಾಯರ್‌ಗೆ ಚಿತ್ರಹಿಂಸೆ ಕೊಡುತ್ತಾನೆ. ನಾಚಿಕೆಯಿಂದ ಗುಂಪು ಬಿಟ್ಟು ಹೋಗುತ್ತಾನೆ. ಒಂಬತ್ತನೇ ಕಂತಿನಲ್ಲಿ ರುಸೋ ಎಂಬ ಹೆಂಗಸು ಅವನನ್ನು ಹಿಡಿದು ಕಬ್ಬಿಣದ ಮಂಚಕ್ಕೆ ಕಟ್ಟಿ ಕರೆಂಟು ಕೊಡುತ್ತಾಳೆ.

ಕೊನೆಗೆ? ಆರನೇ ಸೀಸನ್ನಿನಲ್ಲಿ ಪ್ರೇಯಸಿ ನಾದಿಯಾ ಮತ್ತೆ ಸಿಗುತ್ತಾಳೆಂಬ ಆಸೆಗೆ ಸಯೀದ್ ಡೆಸ್ಮಂಡ್‌ನನ್ನು ಬಾವಿಯಲ್ಲೇ ಕೊಲ್ಲಲು ಹೋಗುತ್ತಾನೆ. ಬಾವಿಯ ತಳದಿಂದ ಡೆಸ್ಮಂಡ್ ಕೇಳುತ್ತಾನೆ: ನನ್ನನ್ನು ಪಡೆಯಲು ಏನು ಮಾಡಿದೆ ಎಂದು ಅವಳು ಕೇಳಿದರೆ ಏನು ಹೇಳುತ್ತೀ? ಸಯೀದ್ ಗುಂಡು ಹಾರಿಸುವುದಿಲ್ಲ. ಮುಂದಿನ ಕಂತಿನಲ್ಲಿ ಜಲಾಂತರ್ಗಾಮಿಯೊಳಗೆ ಬಾಂಬು ಎತ್ತಿಕೊಂಡು ಉಳಿದವರಿಂದ ದೂರ ಓಡುತ್ತಾನೆ. ಪ್ರಾರಬ್ಧ ಅವನನ್ನು ಅಲ್ಲಿಯವರೆಗೆ ತಂದಿತು; ಆ ಓಟ ಅವನದೇ ಹೊಸ ಕರ್ಮ.

ಹಾಗಾದರೆ ಎಲ್ಲವೂ ವಿಧಿಲಿಖಿತವೇ? ಕರ್ಮ ಎಂದರೆ ಹಣೆಬರಹ ತಾನೇ?

ಈ ಎರಡನ್ನೂ ಬೆರೆಸಿದರೆ ಧಾರಾವಾಹಿಯ ಅರ್ಧ ಕೈತಪ್ಪುತ್ತದೆ. ಲಾಸ್ಟ್‌ನಲ್ಲಿ ವಿಧಿಯೂ ಇದೆ, ಕರ್ಮವೂ ಇದೆ, ಬೇರೆ ಬೇರೆಯಾಗಿ.

ಪ್ರಯಾಣಿಕರಲ್ಲೊಬ್ಬನಾದ ಚಾರ್ಲಿ ಸಾಯಲೇಬೇಕು ಎಂಬುದು ವಿಧಿ. ಡೆಸ್ಮಂಡ್ ಒಂದು ಸಲ ತಪ್ಪಿಸಿದರೆ ಇನ್ನೊಂದು ದಾರಿಯಿಂದ ಸಾವು ಬರುತ್ತದೆ. ಚಾರ್ಲಿ ಒಳ್ಳೆಯವನೋ ಕೆಟ್ಟವನೋ ಎಂದು ಅದು ಕೇಳುವುದಿಲ್ಲ. ಕರ್ಮ ಹಾಗಲ್ಲ. ಅದಕ್ಕೆ ಕರ್ತೃ ಬೇಕು, ಉದ್ದೇಶ ಬೇಕು. ಐದನೇ ಸೀಸನ್ನಿನಲ್ಲಿ 1977ಕ್ಕೆ ಹೋದ ಸಯೀದ್, ಮುಂದೆ ದುಷ್ಟನಾಗುವ ಬೆನ್‌ನನ್ನು ಬಾಲಕನಿರುವಾಗಲೇ ಗುಂಡಿಟ್ಟು ಹೊಡೆಯುತ್ತಾನೆ. ಹುಡುಗ ಸಾಯುವುದಿಲ್ಲ. ಅವನನ್ನು ಉಳಿಸಲು ದ್ವೀಪದ ಹಳೆಯ ನಿವಾಸಿಗಳಾದ ‘ಅದರ್ಸ್’ ಬಳಗಕ್ಕೆ ಒಪ್ಪಿಸಬೇಕಾಗುತ್ತದೆ, ಮುಗ್ಧತೆ ಕಳೆದುಕೊಂಡು ಅವನು ಅವರವನೇ ಆಗುತ್ತಾನೆ. ಯಾವ ಬೆನ್‌ನನ್ನು ಇಲ್ಲವಾಗಿಸಲು ಹೊರಟನೋ ಆ ಬೆನ್‌ನನ್ನು ಸಯೀದನೇ ಕೆತ್ತಿದ. ನಡೆದದ್ದು ನಡೆದೇ ನಡೆಯುತ್ತದೆ ಎಂಬ ನಿಯಮ ವಿಧಿಯ ಭಾಗ. ಮಗುವಿನ ಮೇಲೆ ಗುಂಡು ಹಾರಿಸಿದ್ದು ಸಯೀದನ ಪಾಲು.

ದ್ವೀಪದ ಕಾವಲುಗಾರ ಜೇಕಬ್ ಈ ವ್ಯತ್ಯಾಸವನ್ನು ಬಲ್ಲವನು. ತನ್ನನ್ನು ಕೊಲ್ಲಲು ಚೂರಿ ಹಿಡಿದು ಬಂದ ಬೆನ್‌ಗೂ ಅವನು ಹೇಳುವುದು ನಿನಗೆ ಆಯ್ಕೆ ಇದೆ ಎಂದೇ. ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಎಲ್ಲ ಹೇಳಿ ಮುಗಿಸಿದ ಕೃಷ್ಣ ‘ಯಥೇಚ್ಛಸಿ ತಥಾ ಕುರು’, ನಿನಗೆ ತೋಚಿದಂತೆ ಮಾಡು ಎನ್ನುತ್ತಾನೆ. ಕಥೆ ಬರೆದವರು ಗೀತೆಯಿಂದ ಎತ್ತಿಕೊಂಡರು ಎಂದು ಹೇಳುತ್ತಿಲ್ಲ. ಆದರೆ ಆ ಸಾಲು ಗೊತ್ತಿದ್ದವರಿಗೆ ಜೇಕಬ್‌ನ ಮಾತು ಇನ್ನೂ ಆಳಕ್ಕೆ ಇಳಿಯುತ್ತದೆ.

ಎಕೋ ಪಶ್ಚಾತ್ತಾಪ ಪಡಲಿಲ್ಲ ಎಂದು ಸತ್ತನೇ?

ಇದಕ್ಕೆ ಒಂದೇ ಉತ್ತರ ಇಲ್ಲ. ನೈಜೀರಿಯಾದ ಹಳ್ಳಿಗೆ ನುಗ್ಗಿದ ಬಂದೂಕುಧಾರಿಗಳು ಚಿಕ್ಕ ಹುಡುಗ ಯೆಮಿಯ ಕೈಗೆ ಪಿಸ್ತೂಲು ಕೊಟ್ಟು ಒಬ್ಬ ಮುದುಕನನ್ನು ಕೊಲ್ಲು ಎನ್ನುತ್ತಾರೆ. ಅಣ್ಣ ಎಕೋ ಪಿಸ್ತೂಲು ಕಿತ್ತುಕೊಂಡು ತಾನೇ ಹೊಡೆಯುತ್ತಾನೆ. ತಮ್ಮನ ಕೈ ಮೈಲಿಗೆಯಾಗದಿರಲೆಂದು ತನ್ನ ಬದುಕನ್ನೇ ಕೊಟ್ಟ ಕ್ಷಣ ಅದು. ಕೊಂದದ್ದು ಪಾಪವೇ? ಮಹಾಭಾರತದ ಶಾಂತಿಪರ್ವ ಇಂಥ ಇಕ್ಕಟ್ಟಿಗೆ ಆಪದ್ಧರ್ಮ ಎಂದು ಹೆಸರಿಟ್ಟು ದೀರ್ಘವಾಗಿ ಚರ್ಚಿಸುತ್ತದೆ. ಮೂರನೇ ಸೀಸನ್ನಿನ ‘ದ ಕಾಸ್ಟ್ ಆಫ್ ಲಿವಿಂಗ್’ನಲ್ಲಿ ತಮ್ಮನ ರೂಪದಲ್ಲಿ ಬಂದ, ದ್ವೀಪದ ಹೊಗೆಯ ರಾಕ್ಷಸನ ಮುಂದೆ ಎಕೋ ಕ್ಷಮೆ ಕೇಳುವುದಿಲ್ಲ, ನಾನು ಮಾಡಿದ್ದು ಬದುಕಲು ಬೇಕಾದದ್ದನ್ನು ಎನ್ನುತ್ತಾನೆ. ಮೊದಲ ಕೊಲೆಯ ಮಟ್ಟಿಗೆ ಆ ಮಾತು ನ್ಯಾಯ. ಆಮೇಲೆ ಅವನು ದಂಡನಾಯಕನಾಗಿ ಮಾಡಿದ ಕೊಲೆಗಳಿಗೂ ಅದೇ ಮಾತನ್ನು ಹೊದಿಸಲು ಆಗುವುದಿಲ್ಲ. ಆಪತ್ತು ತೀರಿದ ಮೇಲೂ ಮುಂದುವರಿದರೆ ಅದು ಆಪದ್ಧರ್ಮವಲ್ಲ.

ಸ್ವಧರ್ಮ ಎಂಬುದು ಯಾರಲ್ಲಿ ಕಾಣುತ್ತದೆ?

ಪ್ರಯಾಣಿಕ ಹರ್ಲಿಯಲ್ಲಿ. ಆ ಆರು ಸಂಖ್ಯೆಗಳಿಂದ ಲಾಟರಿ ಗೆದ್ದು, ಸುತ್ತಲಿನವರಿಗೆ ಕೆಡುಕಾದಾಗಲೆಲ್ಲ ನನ್ನದೇ ಶಾಪ ಎಂದುಕೊಳ್ಳುವವನು ಅವನು. ಅದು ಕರ್ಮವಲ್ಲ, ಕರ್ಮದ ಹೆಸರಿನಲ್ಲಿ ಹೊತ್ತುಕೊಂಡ ಭಯ. ಹಸಿದವರಿಗೆ ಊಟ ಹಂಚುವುದು, ಕುಗ್ಗಿದವರಿಗಾಗಿ ಗಾಲ್ಫ್ ಮೈದಾನ ಕಟ್ಟುವುದು, ಸತ್ತವರ ಮಾತಿಗೂ ಕಿವಿಗೊಡುವುದು ಅವನ ಸಹಜ ಸ್ವಭಾವ. ಕೊನೆಯಲ್ಲಿ ದ್ವೀಪದ ಹೊಣೆ ಅವನಿಗೆ ಬಂದಾಗ ಏನು ಮಾಡಲಿ ಎಂದು ಕಂಗಾಲಾಗುತ್ತಾನೆ. ನಿನಗೆ ಚೆನ್ನಾಗಿ ಬರುವುದನ್ನೇ ಮಾಡು, ಜನರನ್ನು ನೋಡಿಕೋ ಎನ್ನುತ್ತಾನೆ ಬೆನ್.

ಲಾಕ್ ಇದಕ್ಕೆ ವಿರುದ್ಧ. ‘ನನ್ನಿಂದ ಆಗದು ಎಂದು ಹೇಳಬೇಡ’ ಎನ್ನುತ್ತಾ ತನ್ನದಲ್ಲದ ಬೇಟೆಗಾರನ, ನಾಯಕನ ವೇಷ ತೊಡುತ್ತಲೇ ಹೋಗುತ್ತಾನೆ. ಪರಧರ್ಮ ಭಯಾವಹ ಎಂಬ ಗೀತೆಯ ಮಾತಿಗೆ ಇಷ್ಟು ನೋವಿನ ಉದಾಹರಣೆ ಸಿಗುವುದು ಅಪರೂಪ. ರೋಸ್ ಮತ್ತು ಬರ್ನಾರ್ಡ್ ದಂಪತಿಯನ್ನೂ ಮರೆಯಬೇಡಿ: ಐದನೇ ಸೀಸನ್ನಿನ ಕೊನೆಗೆ ಕಾಡಿನಲ್ಲಿ ಗುಡಿಸಲು ಕಟ್ಟಿಕೊಂಡು, ನಿಮ್ಮ ಜಗಳ ನಮಗೆ ಬೇಡ ಎಂದು ಚಹಾ ಬೇಕೇ ಎಂದು ಕೇಳುತ್ತಾರೆ. ವಾನಪ್ರಸ್ಥ.

ಅಪರಿಚಿತರೆಲ್ಲ ಮೊದಲೇ ಪರಸ್ಪರ ತಾಗಿಕೊಂಡಿದ್ದಾರಲ್ಲ, ಇದು ಕಥೆಗಾರರ ಚಮತ್ಕಾರ ಮಾತ್ರವೇ?

ನಮ್ಮಲ್ಲಿ ಇದಕ್ಕೆ ಕರ್ಮ, ಧರ್ಮ ಎರಡಕ್ಕಿಂತಲೂ ಹೊಂದುವ ಮಾತಿದೆ: ಋಣಾನುಬಂಧ. ಹರ್ಲಿ ಕೊಂಡ ಡಬ್ಬಿ ಕಂಪನಿಯಲ್ಲಿ ಲಾಕ್ ಕೆಲಸಕ್ಕಿದ್ದ. ಸಯೀದ್ ಹುಡುಕುತ್ತಿದ್ದ ನಾದಿಯಾಳ ಮನೆ ಪರೀಕ್ಷಿಸಿ ಕೊಟ್ಟವನೂ ಲಾಕ್. ಡೆಸ್ಮಂಡ್ ದ್ವೀಪಕ್ಕೆ ಬಂದ ದೋಣಿ ಲಿಬ್ಬಿ ಕೊಟ್ಟದ್ದು. ಕ್ಲೇರ್ ಜ್ಯಾಕ್‌ನ ಮಲತಂಗಿ ಎಂದು ಅವರಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಇವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿ. ಸಿಡ್ನಿಯ ಬಾರಿನಲ್ಲಿ ಕುಡಿದು ಕೂತ ಒಬ್ಬ ಮುದುಕ ಸಾಯರ್ ಎದುರು ತನ್ನ ಮಗನ ಬಗ್ಗೆ ಹೇಳಿಕೊಳ್ಳುತ್ತಾನೆ: ಮಗ ನನ್ನ ಮೇಲೆ ದೂರು ಕೊಟ್ಟ, ಅವನು ಮಾಡಿದ್ದೇ ಸರಿ, ನನಗೆ ಅವನ ಬಗ್ಗೆ ಹೆಮ್ಮೆ, ಫೋನ್ ಮಾಡಿ ಹೇಳುವ ಧೈರ್ಯ ಇಲ್ಲ. ಆ ಮುದುಕ ಜ್ಯಾಕ್‌ನ ತಂದೆ ಕ್ರಿಶ್ಚಿಯನ್ ಶೆಫರ್ಡ್. ಸ್ವಲ್ಪ ದಿನದಲ್ಲೇ ಸಾಯುತ್ತಾನೆ. ಒಂದನೇ ಸೀಸನ್ನಿನ ಕೊನೆಗೆ, ತೆಪ್ಪ ಹತ್ತಿ ದ್ವೀಪ ಬಿಡುವ ಮುನ್ನ ಸಾಯರ್ ಜ್ಯಾಕ್‌ನ ಎದುರು ನಿಂತು, ಕಾಡಿನಲ್ಲಿ, ಈ ಮಾತನ್ನು ತಲುಪಿಸುತ್ತಾನೆ. ಇಬ್ಬರಿಗೂ ಆಗಿಬರುವುದಿಲ್ಲ. ಆದರೂ ಹೇಳದೆ ಹೋಗಲು ಸಾಯರ್‌ಗೆ ಆಗಲಿಲ್ಲ. ಜ್ಯಾಕ್‌ನ ಕಣ್ಣು ತುಂಬುತ್ತದೆ, ಮಾತು ಹೊರಡುವುದಿಲ್ಲ. ಋಣ ತೀರುವುದೆಂದರೆ ಇದು.

ಅವರೆಲ್ಲ ಮೊದಲೇ ಸತ್ತಿದ್ದರೇ? ಆರನೇ ಸೀಸನ್ನಿನ ಇನ್ನೊಂದು ಲೋಕ ಪುನರ್ಜನ್ಮವೇ?

ಎರಡೂ ಅಲ್ಲ. ದ್ವೀಪದಲ್ಲಿ ನಡೆದದ್ದೆಲ್ಲ ನಿಜವಾಗಿ ನಡೆದದ್ದು. ಕೊನೆಯ ಕಂತಿನಲ್ಲಿ ಕ್ರಿಶ್ಚಿಯನ್ ಇದನ್ನು ಬಾಯಿಬಿಟ್ಟೇ ಹೇಳುತ್ತಾನೆ. ತಪ್ಪು ತಿಳಿವಳಿಕೆ ಹಬ್ಬಲು ಒಂದು ಕಾರಣ, ಪ್ರಸಾರದ ದಿನ ಹೆಸರುಗಳು ಬರುವಾಗ ವಾಹಿನಿ ಸೇರಿಸಿದ ಖಾಲಿ ಕಡಲತೀರದ, ವಿಮಾನದ ಅವಶೇಷಗಳ ದೃಶ್ಯ. ಅದು ಕಥೆಯ ಭಾಗವಲ್ಲ.

ಆರನೇ ಸೀಸನ್ನಿನಲ್ಲಿ ಕಾಣುವ ಪರ್ಯಾಯ ಬದುಕು ಎಲ್ಲರೂ ತಮ್ಮ ತಮ್ಮ ಕಾಲದಲ್ಲಿ ಸತ್ತ ಮೇಲೆ ಸೇರುವ ನಡುವಿನ ತಾಣ. ಪುನರ್ಜನ್ಮಕ್ಕಿಂತ ಇದು ಟಿಬೆಟನ್ ಬೌದ್ಧರ ‘ಬಾರ್ಡೋ’ ಕಲ್ಪನೆಗೆ ಹತ್ತಿರ: ಒಂದು ಬದುಕು ಬಿಟ್ಟು ಮುಂದಿನದು ಸೇರುವ ಮುನ್ನಿನ ಸ್ಥಿತಿ. ಡೆಸ್ಮಂಡ್ ಎರಡನೇ ಸೀಸನ್ನಿನ ಮೊದಲ ಕಂತಿನಲ್ಲೇ ಕ್ರೀಡಾಂಗಣದಲ್ಲಿ ಜ್ಯಾಕ್‌ಗೆ ‘ಇನ್ನೊಂದು ಜನ್ಮದಲ್ಲಿ ಸಿಗೋಣ’ ಎಂದು ಹೇಳಿ ಓಡಿಹೋಗುತ್ತಾನೆ. ಆ ಮಾತು ಇಲ್ಲಿ ನಿಜವಾಗುತ್ತದೆ.

ನಮ್ಮವರಿಗೆ ಇನ್ನೊಂದು ಎಳೆ ಬೇಗ ತಾಕುತ್ತದೆ. ಜ್ಯಾಕ್ ವಿಮಾನ ಹತ್ತಿದ್ದು ತಂದೆಯ ಶವ ತೆಗೆದುಕೊಂಡು ಹೋಗಲು. ಒಂದನೇ ಸೀಸನ್ನಿನ ಐದನೇ ಕಂತು ‘ವೈಟ್ ರ್‍ಯಾಬಿಟ್’ನಲ್ಲಿ ಕಾಡಿನಲ್ಲಿ ಸಿಕ್ಕ ಪೆಟ್ಟಿಗೆ ತೆರೆದರೆ ಖಾಲಿ. ಅಂತ್ಯಕ್ರಿಯೆ ಮಾಡಲಾಗದ ಮಗ ಆರು ಸೀಸನ್ ಅಲೆಯುತ್ತಾನೆ. ಕೊನೆಯ ಕಂತಿನಲ್ಲಿ ಮತ್ತೆ ಅದೇ ಪೆಟ್ಟಿಗೆ, ಮತ್ತೆ ಖಾಲಿ. ಈ ಸಲ ತಿರುಗಿ ನೋಡಿದರೆ ಅಪ್ಪ ನಿಂತಿದ್ದಾನೆ.

ಕೊನೆಯಲ್ಲಿ ಎಲ್ಲರೂ ಸೇರುವ ಚರ್ಚಿನೊಳಗೆ ಬೆನ್ ಯಾಕೆ ಹೋಗಲಿಲ್ಲ? ಮೈಕಲ್ ಎಲ್ಲಿ?

ಬೆನ್ ತಂದೆಯನ್ನು ಕೊಂದವನು, 1992ರಲ್ಲಿ ಧರ್ಮ ಇನಿಶಿಯೇಟಿವ್‌ನ ಜನರನ್ನು ವಿಷಾನಿಲದಿಂದ ಮುಗಿಸಿದ ಸಂಚಿನಲ್ಲಿ ಪಾಲುದಾರ, ಲಾಕ್‌ನನ್ನೂ ಜೇಕಬ್‌ನನ್ನೂ ಕೊಂದವನು. ಸಾಕುಮಗಳು ಅಲೆಕ್ಸ್ ಅವನ ಹಟಕ್ಕೆ ಬಲಿಯಾದಳು. ಹೊರಗಿನ ಬೆಂಚಿನ ಹತ್ತಿರ ಅವನು ಲಾಕ್‌ನ ಕ್ಷಮೆ ಕೇಳುತ್ತಾನೆ, ಲಾಕ್ ಕ್ಷಮಿಸುತ್ತಾನೆ. ಆದರೂ ಒಳಗೆ ಹೋಗುವುದಿಲ್ಲ. ತನಗೆ ಇನ್ನೂ ತೀರಿಸಬೇಕಾದದ್ದಿದೆ ಎನ್ನುತ್ತಾನೆ. ಕ್ಷಮೆ ಸಿಕ್ಕರೆ ಕರ್ಮ ಅಳಿಸಿಹೋಗುವುದಿಲ್ಲ ಎಂಬ ನಮ್ಮ ತಿಳಿವಳಿಕೆಗೆ ಇದು ಸರಿಯಾಗಿ ಕೂರುತ್ತದೆ. ಯಾರೂ ಅವನನ್ನು ತಡೆದಿಲ್ಲ. ತನ್ನ ಲೆಕ್ಕ ತಾನೇ ಬಲ್ಲ.

ಮಗನನ್ನು ಬಿಡಿಸಿಕೊಳ್ಳಲು ಅನಾ ಲೂಸಿಯಾ ಮತ್ತು ಲಿಬ್ಬಿಯನ್ನು ಕೊಂದ ಮೈಕಲ್ ದ್ವೀಪದಲ್ಲೇ ಪಿಸುಮಾತಾಗಿ ಉಳಿದಿದ್ದಾನೆ. ಮುಂದೆ ಹೋಗಲಾರದವರ ದನಿಯೇ ಕಾಡಿನ ಪಿಸುಮಾತು ಎಂದು ಆರನೇ ಸೀಸನ್ನಿನಲ್ಲಿ ಅವನೇ ಹರ್ಲಿಗೆ ಹೇಳುತ್ತಾನೆ.

ಒಳ್ಳೆಯವರೂ ಸತ್ತರಲ್ಲ? ಸನ್ ಮತ್ತು ಜಿನ್ ಏನು ಮಾಡಿದ್ದರು?

ಇಲ್ಲಿ ಕರ್ಮವನ್ನು ಎಳೆದು ತರಬೇಡಿ. ಬೇರ್ಪಟ್ಟು, ಕಷ್ಟಪಟ್ಟು ಮತ್ತೆ ಸೇರಿದ ದಂಪತಿ ಮುಳುಗುವ ಜಲಾಂತರ್ಗಾಮಿಯಲ್ಲಿ ಕೈ ಹಿಡಿದುಕೊಂಡು ಸಾಯುತ್ತಾರೆ. ಊರಿನಲ್ಲಿ ಪುಟ್ಟ ಮಗಳಿದ್ದಾಳೆ. ಅವರು ಏನೋ ಪಾಪ ಮಾಡಿರಬೇಕು ಎಂದು ಹುಡುಕುವುದು ನೊಂದವರ ಮೇಲೆ ಇನ್ನೊಂದು ಕಲ್ಲು ಹೊರಿಸಿದಂತೆ. ಜಿನ್ ಹೆಂಡತಿಯನ್ನು ಬಿಟ್ಟು ಬರಬಹುದಿತ್ತು, ಬರಲಿಲ್ಲ. ಅಪ್ಪನಾಗಿ ಅವನು ಬದುಕಬೇಕಿತ್ತು ಎಂಬ ವಾದದಲ್ಲಿ ಬಲವಿದೆ. ಗಂಡನ ಧರ್ಮ, ತಂದೆಯ ಧರ್ಮ ಅಲ್ಲಿ ಮುಖಾಮುಖಿಯಾಗಿವೆ.

ಈ ದೃಷ್ಟಿಯಿಂದ ಮತ್ತೆ ನೋಡಬೇಕು, 121 ಕಂತು ನೋಡಲು ಸಮಯವಿಲ್ಲ. ಯಾವುದನ್ನು ನೋಡಲಿ?

ಈ ಕ್ರಮದಲ್ಲಿ ನೋಡಿ. ಒಂದನೇ ಸೀಸನ್: ‘ವೈಟ್ ರ್‍ಯಾಬಿಟ್’, ‘ಕಾನ್ಫಿಡೆನ್ಸ್ ಮ್ಯಾನ್’ ಮತ್ತು ‘ಸಾಲಿಟರಿ’ (ಎರಡನ್ನೂ ಒಂದೇ ರಾತ್ರಿ), ‘ಔಟ್‌ಲಾಸ್’, ‘ನಂಬರ್ಸ್’, ‘ಎಕ್ಸೋಡಸ್’. ಎರಡನೇ ಸೀಸನ್: ‘ಓರಿಯೆಂಟೇಶನ್’, ‘ದ 23ರ್ಡ್ ಸಾಮ್’, ‘ಒನ್ ಆಫ್ ದೆಮ್’, ಶೀರ್ಷಿಕೆಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇರುವ ಕಂತು, ಕೊನೆಯ ‘ಲಿವ್ ಟುಗೆದರ್, ಡೈ ಅಲೋನ್’. ಮೂರರಲ್ಲಿ ‘ದ ಕಾಸ್ಟ್ ಆಫ್ ಲಿವಿಂಗ್’, ‘ನಾಟ್ ಇನ್ ಪೋರ್ಟ್‌ಲ್ಯಾಂಡ್’, ‘ದ ಬ್ರಿಗ್’. ನಾಲ್ಕರಲ್ಲಿ ‘ದ ಶೇಪ್ ಆಫ್ ಥಿಂಗ್ಸ್ ಟು ಕಮ್’ ಒಂದು ಸಾಕು. ಐದರಲ್ಲಿ ‘ನಮಸ್ತೆ’ಯಿಂದ ಬೆನ್ನುಬೆನ್ನಿಗೆ ಮೂರು ಕಂತು, ಆಮೇಲೆ ‘ದ ಇನ್ಸಿಡೆಂಟ್’. ಆರರಲ್ಲಿ ‘ಡಾಕ್ಟರ್ ಲೈನಸ್’, ನಂತರ ‘ಎವ್ರಿಬಡಿ ಲವ್ಸ್ ಹ್ಯೂಗೋ’ದಿಂದ ಕೊನೆಯವರೆಗೆ ಒಂದನ್ನೂ ಬಿಡದೆ.

ಸಾಮಾನ್ಯವಾಗಿ ಆಗುವ ತಪ್ಪು: ಎರಡನೇ ಸೀಸನ್ನಿನ ಕೊನೆಯ ಕಂತನ್ನು ಅಲ್ಲಲ್ಲಿ ಓಡಿಸಿಬಿಡುವುದು. ಡೆಸ್ಮಂಡ್ ಪರ್ಲ್ ಠಾಣೆಯಿಂದ ಬಂದ ಮುದ್ರಿತ ಹಾಳೆಯ ಮೇಲೆ ಬೆರಳಾಡಿಸುತ್ತಾ, ಯಂತ್ರ ಕೆಟ್ಟ ತಾರೀಖು ಯಾವುದೆಂದು ನೋಡಿ ತಲೆಯೆತ್ತುವ ಜಾಗ ಅಲ್ಲೇ ಇದೆ. ನಿಮ್ಮ ವಿಮಾನವನ್ನು ಬೀಳಿಸಿದ್ದು ನಾನೇ ಇರಬೇಕು ಎಂದು ಅವನು ಲಾಕ್‌ಗೆ ಹೇಳುವಾಗ ಗಡಿಯಾರ ಇಳಿಯುತ್ತಲೇ ಇರುತ್ತದೆ.